ದೂರಶ್ರವಣ ಮತ್ತು ಚರಿತ್ರೆಯ ಆಕರ: ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ದೃಷ್ಟಿಯಿಂದ ಒಂದು ವಿಮರ್ಶೆ

೧

ಬಾನುಲಿಯನ್ನು ಕೇಳುವವರಲ್ಲಿ ಎರಡು ಬಗೆಯವರುಂಟು. ಬೇಕಾದ ಕಾರ್ಯಕ್ರಮವು ಸ್ಪಷ್ಟವಾಗಿ ಕೇಳಿಬರುವ ಕಡೆ ಮುಳ್ಳನ್ನು ನಿಲ್ಲಿಸಿ ಅಷ್ಟಕ್ಕೇ ತೃಪ್ತರಾಗುವವರು ಬಹುಮಂದಿ. ಸ್ಪಷ್ಟವಾಗಿ ಕೇಳುವ ನಿಲಯಗಳನ್ನು ಬೇಕೆಂದೇ ದಾಟಿ, ಎರಡು ನಿಲಯಗಳ ನಡುವಣ ಗೊರಗೊರ ಸದ್ದಿನಲ್ಲಿ ಅಡಗಿರುವ ದೂರದ ದನಿಯೊಂದನ್ನು ಹುಡುಕಿ, ಅದು ಯಾವ ಊರಿನದೆಂದು ಗುರುತಿಸಿ, ದಿನಾಂಕ ವೇಳೆಗಳೊಡನೆ ಬರೆದಿಡುವವರು ಕೆಲವರು. ಈ ಎರಡನೆಯವರ ಹವ್ಯಾಸವನ್ನು ಇಲ್ಲಿ ದೂರಶ್ರವಣವೆಂದು ಕರೆದಿದೆ. ಪರವಾನಗಿಯಿಲ್ಲದೆ ನಡೆಯುವ ಸಣ್ಣ ನಿಲಯಗಳನ್ನು, ಎಂದರೆ ವಾಡಿಕೆಯ ಮಾತಿನಲ್ಲಿ 'ಕಳ್ಳ ಬಾನುಲಿ'ಗಳನ್ನು, ಪತ್ತೆಮಾಡಿ ಕೇಳುವುದು ಈ ಹವ್ಯಾಸದ ಒಂದು ಕವಲು.

ಇಂತಹ ವಿಷಯಕ್ಕೆ ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಎಡೆಯುಂಟೇ ಎಂಬ ಶಂಕೆ ಸಹಜವಾದುದು. ಅದಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮಲ್ಲಿ ಬಾನುಲಿಯ ಚರಿತ್ರೆಯನ್ನು ಈವರೆಗೆ ಬಹುಮಟ್ಟಿಗೆ ನಿಲಯಗಳ ಕಡೆಯಿಂದ ಬರೆಯಲಾಗಿದೆ: ಯಾವ ಊರಿನಲ್ಲಿ ಯಾವ ವರ್ಷ ನಿಲಯವು ಆರಂಭವಾಯಿತು, ಅದರ ಶಕ್ತಿ ಎಷ್ಟು ಕಿಲೋವಾಟು, ನಿರ್ದೇಶಕರು ಯಾರು, ಎಂಬಿವೇ ಅದರ ಅಧ್ಯಾಯಗಳು. ಕೇಳಿದವರು ಎಲ್ಲಿ ಕುಳಿತು ಏನನ್ನು ಕೇಳಿದರು ಎಂಬ ಅಧ್ಯಾಯವು ಬರೆಯದೆ ಉಳಿದಿದೆ. ಆ ಅಧ್ಯಾಯಕ್ಕೆ ಬೇಕಾದ ಆಕರಗಳಲ್ಲಿ ದೂರಶ್ರವಣದ ಟಿಪ್ಪಣಿ ಪುಸ್ತಕವು ಮುಖ್ಯವಾದುದು. ಆದರೆ ಅದು ಈಗಿರುವ ಸ್ಥಿತಿಯಲ್ಲಿ ದೋಷಯುಕ್ತವಾದ ಆಕರ. ಅದರ ಬೆಲೆಯನ್ನೂ ದೋಷವನ್ನೂ ಒಟ್ಟಿಗೆ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಸಿಂಧನೂರು, ಲಿಂಗಸುಗೂರು ಮತ್ತು ಈಚೆಗೆ ತಾಲ್ಲೂಕಿನ ಕೇಂದ್ರವಾದ ಮಸ್ಕಿ ಮೂರೂ ರಾಯಚೂರು ಜಿಲ್ಲೆಗೆ ಸೇರಿದವು. ೧೯೫೬ರ ನವೆಂಬರ್ ೧ರ ವರೆಗೆ ಈ ಜಿಲ್ಲೆಯು ಹೈದರಾಬಾದ್ ರಾಜ್ಯದಲ್ಲಿದ್ದಿತು. ಕನ್ನಡ ಬಾನುಲಿಯ ಚರಿತ್ರೆಯನ್ನು ಹೇಳುವವರು ೧೯೩೫ರ ಸೆಪ್ಟೆಂಬರ್ ೧೦ರಿಂದ ಆರಂಭಿಸುವುದು ರೂಢಿ. ಅಂದು ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ 'ವಿಠಲ ವಿಹಾರ'ದಿಂದ ಅಲ್ಪಶಕ್ತಿಯ ಯಂತ್ರವೊಂದರ ಮೂಲಕ ಪ್ರಸಾರವನ್ನು ತೊಡಗಿದರು. 'ಆಕಾಶವಾಣಿ' ಎಂಬ ಹೆಸರು ಮುಂದೆ ಭಾರತದ ಬಾನುಲಿಗೆಲ್ಲ ಸಂದದ್ದು ಆ ನಿಲಯದಿಂದಲೇ. ಇದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಆದರೆ ಮೈಸೂರಿನಿಂದ ಮಸ್ಕಿಗೆ ನೇರ ಗೆರೆಯಲ್ಲಿ ಅಳೆದರೂ ಸುಮಾರು ೪೦೦ ಕಿಲೋಮೀಟರು. ನಡುವೆ ಬೇರೊಂದು ರಾಜ್ಯದ ಗಡಿ. ಕನ್ನಡ ಬಾನುಲಿಯು ೧೯೩೫ರಲ್ಲಿ ಹುಟ್ಟಿತೆಂಬ ವಾಕ್ಯವು ಮೈಸೂರಿನ ಮಟ್ಟಿಗೆ ಸತ್ಯ. ಸಿಂಧನೂರಿನ ಮಟ್ಟಿಗೆ ಅದು ಕೇಳಿಬರದ ಸತ್ಯ.

ಅದೇ ೧೯೩೫ರಲ್ಲಿ ಹೈದರಾಬಾದಿನ ಬಾನುಲಿಯನ್ನು ನಿಜಾಂ ಸರ್ಕಾರವು ತನ್ನ ವಶಕ್ಕೆ ತೆಗೆದುಕೊಂಡಿತು. ಅದರ ಪ್ರಧಾನ ಭಾಷೆ ಉರ್ದು. ತೆಲುಗು, ಮರಾಠಿ, ಕನ್ನಡಗಳಿಗೆ ಉಳಿದ ಎಡೆ. ೧೯೫೦ರ ಏಪ್ರಿಲಿನಲ್ಲಿ ಆ ನಿಲಯವು ಅಖಿಲ ಭಾರತ ಬಾನುಲಿಗೆ ಸೇರಿತು. ಅದೇ ವರ್ಷದ ಜನವರಿ ೮ರಂದು ಧಾರವಾಡ ನಿಲಯವು ಆರಂಭವಾಯಿತು. ಧಾರವಾಡವು ಆಗ ಮುಂಬಯಿ ರಾಜ್ಯದಲ್ಲಿದ್ದಿತು. ಕಲಬುರ್ಗಿಯಲ್ಲಿ ನಿಲಯವು ಬಂದದ್ದು ೧೯೬೬ರಲ್ಲಿ, ಏಕೀಕರಣವಾಗಿ ಹತ್ತು ವರ್ಷಗಳು ಕಳೆದ ಮೇಲೆ. ಅದೂ ಮಸ್ಕಿಯಿಂದ ಸುಮಾರು ೧೫೦ ಕಿಲೋಮೀಟರು ದೂರ. ಹೀಗೆ ಮೂರು ದಶಕಗಳ ಕಾಲ ಈ ಸೀಮೆಯ ಕನ್ನಡಿಗನಿಗೆ ಕನ್ನಡವನ್ನು ಬಾನುಲಿಯಲ್ಲಿ ತೃಪ್ತಿಯಾಗುವಷ್ಟು ಕೇಳಬೇಕಾದರೆ ತನ್ನ ರಾಜಧಾನಿಯನ್ನು ಬಿಟ್ಟು ದೂರದ ಊರಿನ ಕಡೆಗೆ ಮುಳ್ಳನ್ನು ತಿರುಗಿಸಬೇಕಾಗಿದ್ದಿತು. ಇತರ ಕಡೆಗಳಲ್ಲಿ ವಿನೋದಕ್ಕೆಂದು ಹುಟ್ಟಿದ ದೂರಶ್ರವಣವು ಈ ಸೀಮೆಯಲ್ಲಿ ವಿನೋದವಾಗುವುದಕ್ಕೆ ಮೊದಲು ಅವಶ್ಯಕತೆಯಾಗಿದ್ದಿತೆಂಬುದನ್ನು ಗಮನಿಸಬೇಕು.

ಮಧ್ಯಮ ತರಂಗದ ಸ್ವಭಾವವು ಈ ಅವಶ್ಯಕತೆಗೆ ಸಹಾಯಕವಾಯಿತು. ಹಗಲಿನಲ್ಲಿ ಆ ತರಂಗವು ನೆಲವನ್ನು ಹಿಡಿದು ಸಾಗುವುದು. ಮೇಲಕ್ಕೆ ಹೋದ ಭಾಗವನ್ನು ಅಯಾನುಮಂಡಲದ ಕೆಳಪದರವು ಹೀರಿಬಿಡುವುದು. ಸೂರ್ಯಾಸ್ತವಾದ ಮೇಲೆ ಆ ಪದರವು ಕರಗಿ, ಮೇಲಿನ ಪದರದಿಂದ ತರಂಗವು ಪ್ರತಿಫಲಿತವಾಗಿ ನೂರಾರು ಕಿಲೋಮೀಟರು ಆಚೆ ಇಳಿಯುವುದು. ಹಗಲು ಮೌನವಾಗಿದ್ದ ಊರುಗಳು ರಾತ್ರಿ ಮಾತನಾಡತೊಡಗುವುದಕ್ಕೆ ಇದು ಕಾರಣ. ಹ್ರಸ್ವ ತರಂಗದಲ್ಲಿ ಈ ಪ್ರತಿಫಲನವು ಹಗಲೂ ಸಾಧ್ಯ. ಸಿಲೋನ್ ಬಾನುಲಿಯು ಭಾರತದ ಮನೆಮನೆಗಳನ್ನು ಹೊಕ್ಕದ್ದು ಹೀಗೆಯೇ. ಬಿ. ವಿ. ಕೇಸ್ಕರ್ ಅವರು ೧೯೫೨ರಿಂದ ೧೯೬೨ರ ವರೆಗೆ ಪ್ರಸಾರ ಖಾತೆಯ ಸಚಿವರಾಗಿದ್ದರು. ಅವರ ಕಾಲದಲ್ಲಿ ಸ್ವದೇಶದ ನಿಲಯಗಳಲ್ಲಿ ಚಲನಚಿತ್ರಗೀತೆಗಳು ವಿರಳವಾದುವು. ಶ್ರೋತೃಗಳು ಸಮುದ್ರದಾಚೆಯ ನಿಲಯವನ್ನು ಆಶ್ರಯಿಸಿದರು. ೧೯೫೭ರ ಅಕ್ಟೋಬರ್ ೩ರಂದು ವಿವಿಧಭಾರತಿಯನ್ನು ಆರಂಭಿಸಿದ್ದಕ್ಕೆ ಈ ವಲಸೆಯೇ ಮುಖ್ಯ ಕಾರಣವೆಂಬುದು ಸರ್ವವಿದಿತ. ಕೇಳುವವನು ಬರಿಯ ಪಾತ್ರೆಯಲ್ಲ, ಮುಳ್ಳನ್ನು ತಿರುಗಿಸಿಯೇ ಸರ್ಕಾರದ ನೀತಿಯೊಂದನ್ನು ಬದಲಾಯಿಸಬಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಡ.

ಆದರೆ ಈ ಕೇಳುವಿಕೆಗೆ ಉಳಿದ ದಾಖಲೆ ಏನು? ೧೯೮೦ರ ದಶಕದ ಮಧ್ಯದವರೆಗೆ ರೇಡಿಯೊ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ಶುಲ್ಕವನ್ನು ತೆತ್ತು ಲೈಸೆನ್ಸ್ ಪುಸ್ತಕವನ್ನು ನವೀಕರಿಸಬೇಕಾಗಿದ್ದಿತು. ಹಳೆಯ ಟ್ರಂಕುಗಳಲ್ಲಿ ಅಂತಹ ಪುಸ್ತಕಗಳು ಇಂದಿಗೂ ದೊರೆಯುತ್ತವೆ. ಯಾರ ಮನೆಯಲ್ಲಿ ಯಾವ ಯಂತ್ರವಿದ್ದಿತೆಂಬುದನ್ನು ಅವು ಹೇಳುತ್ತವೆ. ಆ ಮನೆಯವರು ಏನನ್ನು ಕೇಳಿದರೆಂಬುದನ್ನು ಹೇಳವು. ಸಿಂಧನೂರಿನ ಸುತ್ತ ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ನೆಲೆಸಿದ ತೆಲುಗು ರೈತರ ಕ್ಯಾಂಪುಗಳಿವೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಕಟ್ಟಿಕೊಟ್ಟ ಪುನರ್ವಸತಿ ಕ್ಯಾಂಪುಗಳಿವೆ. ಪೇಟೆಯಲ್ಲಿ ದಖ್ಖನಿ ಉರ್ದು ಮನೆಮಾತಾಗಿರುವ ಕುಟುಂಬಗಳಿವೆ. ಒಂದೇ ಬಯಲಿನಲ್ಲಿ ನಾಲ್ಕು ಭಾಷೆಗಳವರು ಸಂಜೆ ಏಳಕ್ಕೆ ಮುಳ್ಳನ್ನು ಯಾವ ಯಾವ ಕಡೆಗೆ ತಿರುಗಿಸುತ್ತಿದ್ದರು ಎಂಬುದು ಈ ಸೀಮೆಯ ಸಾಮಾಜಿಕ ಚರಿತ್ರೆಯ ದೊಡ್ಡ ಪ್ರಶ್ನೆ. ನಿಲಯಗಳ ಕಡತವು ಅದಕ್ಕೆ ಉತ್ತರ ಕೊಡಲಾರದು.

೩

ಎಫ್.ಎಂ. ಪ್ರಸಾರವು ಬಂದ ಮೇಲೆ ದೂರಶ್ರವಣದ ಸ್ವರೂಪವೇ ಬದಲಾಯಿತು. ಈ ಪದ್ಧತಿಗೆ ಅಮೆರಿಕದ ಆರ್ಮ್‌ಸ್ಟ್ರಾಂಗ್ ೧೯೩೩ರಲ್ಲಿ ಪೇಟೆಂಟ್ ಪಡೆದನು. ಭಾರತದಲ್ಲಿ ೧೯೭೭ರ ಜುಲೈನಲ್ಲಿ ಮದರಾಸಿನಿಂದ ಮೊದಲಾಯಿತು. ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯವು ೨೦೦೧ರ ಜುಲೈನಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ೮೭.೫ರಿಂದ ೧೦೮ ಮೆಗಾಹರ್ಟ್ಸ್‌ವರೆಗಿನ ಈ ತರಂಗಗಳು ಸಾಮಾನ್ಯವಾಗಿ ಅಯಾನುಮಂಡಲದಿಂದ ಪ್ರತಿಫಲಿತವಾಗದೆ ಅದನ್ನು ಭೇದಿಸಿ ಹೊರಟುಹೋಗುತ್ತವೆ. ನೆಲದ ಮೇಲೆ ಅವುಗಳ ಹಾದಿ ಬಹುಮಟ್ಟಿಗೆ ದೃಷ್ಟಿರೇಖೆಯದು. ಪ್ರೇಷಕದ ಗೋಪುರದ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು ೪.೧೨ರಿಂದ ಗುಣಿಸಿದರೆ ದಿಗಂತದ ದೂರವು ಕಿಲೋಮೀಟರುಗಳಲ್ಲಿ ದೊರೆಯುವುದು. ಕೇಳುವವನ ಏರಿಯಲಿಗೂ ಅದೇ ಲೆಕ್ಕ. ಗೋಪುರವು ೧೦೦ ಮೀಟರು, ಕೇಳುವವನ ಮಾಳಿಗೆಯು ೯ ಮೀಟರು ಎತ್ತರವಾಗಿದ್ದರೆ ಕ್ರಮವಾಗಿ ೪೧ ಮತ್ತು ೧೨, ಒಟ್ಟು ಸುಮಾರು ೫೩ ಕಿಲೋಮೀಟರು.

ಈ ಲೆಕ್ಕವನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡಬಹುದು. ಸಿಂಧನೂರಿನಿಂದ ನೇರ ಗೆರೆಯಲ್ಲಿ ರಾಯಚೂರು ಸುಮಾರು ೮೦ ಕಿಲೋಮೀಟರು. ಹೊಸಪೇಟೆ, ಬಳ್ಳಾರಿಗಳು ಸುಮಾರು ೭೦. ಕರ್ನೂಲು ಸುಮಾರು ೧೪೦. ಹೈದರಾಬಾದು ಸುಮಾರು ೨೫೦. ಎಂದರೆ ತನ್ನ ಜಿಲ್ಲಾ ಕೇಂದ್ರದ ನಿಲಯವೂ ಸಿಂಧನೂರಿಗೆ ಅಂಚಿನ ನಿಲಯವೇ. ನೆಲವು ಲಿಂಗಸುಗೂರಿನ ಕಡೆಗೆ ಏರುತ್ತದೆ, ಸಿಂಧನೂರಿನ ಕಡೆಗೆ ಇಳಿಯುತ್ತದೆ. ಒಂದೇ ಕೈಯಂತ್ರವನ್ನು ಮಸ್ಕಿಯ ಬೆಟ್ಟದ ಮೇಲೆಯೂ ಬತ್ತದ ಗದ್ದೆಯ ಬದುವಿನ ಮೇಲೆಯೂ ಹಿಡಿದು ನೋಡಿದವರಿಗೆ ಈ ವ್ಯತ್ಯಾಸವನ್ನು ಸೂತ್ರದಿಂದ ವಿವರಿಸಬೇಕಾದುದಿಲ್ಲ.

ಆದರೂ ೨೫೦ ಕಿಲೋಮೀಟರು ಆಚೆಯ ಎಫ್.ಎಂ. ನಿಲಯವು ಒಮ್ಮೊಮ್ಮೆ ಪಕ್ಕದ ಮನೆಯಂತೆ ಕೇಳಿಸುವುದುಂಟು. ಚಳಿಗಾಲದ ನಿರ್ಮಲವಾದ ರಾತ್ರಿಯಲ್ಲಿ ನೆಲವು ಬೇಗನೆ ತಣಿದು, ಕೆಳಗಿನ ಗಾಳಿಯು ತಂಪಾಗಿಯೂ ಮೇಲಿನದು ಬೆಚ್ಚಗೂ ಇರುವಾಗ, ಆ ಎರಡು ಪದರಗಳ ನಡುವೆ ತರಂಗವು ಕೊಳವೆಯಲ್ಲಿ ನೀರು ಹರಿದಂತೆ ಹರಿದು ದಿಗಂತವನ್ನು ಮೀರುವುದು. ಬಿಸಿಲೇರಿ ಗಾಳಿಯು ಕಲಸಿಹೋದೊಡನೆ ಆ ನಿಲಯವು ಮಾಯವಾಗುವುದು. ಬೇಸಿಗೆಯಲ್ಲಿ ಅಯಾನುಮಂಡಲದ 'ಇ' ಪದರದಲ್ಲಿ ಆಕಸ್ಮಿಕವಾಗಿ ದಟ್ಟವಾದ ಮೋಡದಂತಹ ತುಣುಕುಗಳು ಉಂಟಾಗಿ, ಸಾವಿರ ಎರಡು ಸಾವಿರ ಕಿಲೋಮೀಟರು ಆಚೆಯ ನಿಲಯಗಳು ಕೆಲವು ನಿಮಿಷಗಳ ಮಟ್ಟಿಗೆ ಕೇಳಿಸುವುದೂ ಉಂಟು. ಮಧ್ಯಮ ತರಂಗದಲ್ಲಿ ದೂರವು ಪ್ರತಿರಾತ್ರಿಯ ನಿಯಮವಾಗಿದ್ದರೆ ಎಫ್.ಎಂ.ನಲ್ಲಿ ಅದು ಅಪವಾದ. ಅಪವಾದಕ್ಕೆ ಕಾಯುವುದೇ ಈ ಹವ್ಯಾಸದ ರಸವೆಂದು ಬಲ್ಲವರು ಹೇಳುತ್ತಾರೆ. ಅದನ್ನು ಅಲ್ಲಗಳೆಯಬೇಕಾದುದಿಲ್ಲ, ರಸವು ಎಲ್ಲಿ ದಾರಿ ತಪ್ಪುವುದೆಂಬುದನ್ನು ಮುಂದೆ ನೋಡೋಣ.

೪

ಅದಕ್ಕೆ ಮೊದಲು 'ಕಳ್ಳ ಬಾನುಲಿ' ಎಂಬ ಮಾತನ್ನು ಪರೀಕ್ಷಿಸಬೇಕು. ಈ ಪ್ರಯೋಗದ ಹಿಂದಿರುವ ಇಂಗ್ಲಿಷ್ ಪದವು ಕಡಲುಗಳ್ಳರನ್ನು ನೆನಪಿಸುವಂಥದು. ೧೯೬೪ರಲ್ಲಿ ಇಂಗ್ಲೆಂಡಿನ ತೀರದಾಚೆ ಲಂಗರು ಹಾಕಿದ ಹಡಗಿನಿಂದ ರೇಡಿಯೊ ಕ್ಯಾರೊಲೈನ್ ಪ್ರಸಾರವನ್ನಾರಂಭಿಸಿತು. ೧೯೬೭ರಲ್ಲಿ ಅಲ್ಲಿನ ಪಾರ್ಲಿಮೆಂಟು ಅಂತಹ ಪ್ರಸಾರವನ್ನು ಶಾಸನದ ಮೂಲಕ ನಿಷೇಧಿಸಿತು. ಅದೇ ವರ್ಷ ಬಿ.ಬಿ.ಸಿ.ಯು ಅದೇ ಬಗೆಯ ಹಾಡುಗಳಿಗಾಗಿ ಹೊಸ ನಿಲಯವೊಂದನ್ನು ತೆರೆಯಿತು. ಕಳ್ಳನನ್ನು ಹಿಡಿದವರು ಅವನ ಸರಕನ್ನು ತಮ್ಮ ಅಂಗಡಿಯಲ್ಲಿ ಮಾರಿದರೆಂದು ಯಾರಾದರೂ ಹೇಳಿದರೆ ಅದು ಪೂರ್ತಿ ಕುಹಕವಾಗದು.

ನಮ್ಮ ದೇಶದ ಮೂರು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟರೆ ವಿಷಯವು ಇನ್ನಷ್ಟು ಸ್ಪಷ್ಟವಾಗುವುದು. ೧೯೩೫ರಲ್ಲಿ ಮೈಸೂರಿನ ಪ್ರಾಧ್ಯಾಪಕರೊಬ್ಬರು ತಮ್ಮ ಮನೆಯಿಂದ ಪ್ರಸಾರ ಮಾಡಿದರು. ಅವರನ್ನು ಪಿತಾಮಹರೆಂದು ಗೌರವಿಸುತ್ತೇವೆ. ೧೯೪೨ರ ಆಗಸ್ಟಿನಿಂದ ನವೆಂಬರಿನ ವರೆಗೆ ಉಷಾ ಮೆಹತಾ ಮತ್ತು ಅವರ ಸಂಗಡಿಗರು ಮುಂಬಯಿಯಲ್ಲಿ ಮನೆಯಿಂದ ಮನೆಗೆ ಯಂತ್ರವನ್ನು ಸಾಗಿಸುತ್ತ ಕಾಂಗ್ರೆಸ್ ರೇಡಿಯೊವನ್ನು ನಡೆಸಿದರು; ಬ್ರಿಟಿಷ್ ಸರ್ಕಾರವು ಅವರನ್ನು ಸೆರೆಗೆ ಹಾಕಿತು, ಸ್ವತಂತ್ರ ಭಾರತವು ಗೌರವಿಸಿತು. ಬಿಹಾರದ ವೈಶಾಲಿ ಜಿಲ್ಲೆಯ ಮನ್ಸೂರ್‌ಪುರದಲ್ಲಿ ರಾಘವ್ ಮಹತೋ ಎಂಬ ರಿಪೇರಿ ಅಂಗಡಿಯ ಯುವಕನು ಅತ್ಯಲ್ಪ ಖರ್ಚಿನಲ್ಲಿ ತಾನೇ ಜೋಡಿಸಿದ ಯಂತ್ರದಿಂದ ಎಫ್.ಎಂ. ಪ್ರಸಾರ ಮಾಡಿ ಸುತ್ತಲ ಹಳ್ಳಿಗಳಲ್ಲಿ ಜನಪ್ರಿಯನಾದನು; ೨೦೦೬ರಲ್ಲಿ ಅಧಿಕಾರಿಗಳು ಅದನ್ನು ಮುಚ್ಚಿಸಿದರು. ಯಂತ್ರವನ್ನು ಕಟ್ಟಿ ನೆರೆಯವರಿಗೆ ದನಿ ಮುಟ್ಟಿಸುವ ಕೆಲಸವು ಮೂರರಲ್ಲಿಯೂ ಒಂದೇ. ಉದ್ದೇಶವೂ ಅಪಾಯವೂ ಬೇರೆ. ಹೆಸರನ್ನು ಮಾತ್ರ ಆಯಾ ಕಾಲದ ಶಾಸನ ಮತ್ತು ಅಧಿಕಾರಗಳು ಕೊಟ್ಟಿವೆ. ಆದುದರಿಂದ 'ಕಳ್ಳ' ಎಂಬುದು ನಿಲಯದ ವರ್ಣನೆಯಲ್ಲ, ನಿಲಯಕ್ಕೂ ಶಾಸನಕ್ಕೂ ಇರುವ ಸಂಬಂಧದ ವರ್ಣನೆ. ಇತಿಹಾಸಕಾರನು ಅದನ್ನು ಬಳಸುವಾಗ, ಹಾಗೆ ಕರೆದವರು ಯಾರು, ಎಂದು ಎಂಬುದನ್ನೂ ಹೇಳಬೇಕು.

ಹೀಗೆಂದ ಮಾತ್ರಕ್ಕೆ ಪರವಾನಗಿಯೇ ಬೇಡವೆಂಬ ತೀರ್ಮಾನಕ್ಕೆ ಜಾರಬಾರದು. ೧೦೮ ಮೆಗಾಹರ್ಟ್ಸ್‌ಗೆ ಒತ್ತಿಕೊಂಡೇ ಮೇಲೆ ವಿಮಾನಸಂಚಾರದ ತರಂಗಗಳಿವೆ. ಶುದ್ಧಿಯಿಲ್ಲದ ಯಂತ್ರವೊಂದು ಅವುಗಳ ನಡುವೆ ಗದ್ದಲವೆಬ್ಬಿಸಿದರೆ ಪರಿಣಾಮ ಗಂಭೀರ. ೧೯೯೫ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತರಂಗಗಳು ಸಾರ್ವಜನಿಕರ ಸ್ವತ್ತೆಂದು ಹೇಳಿದಾಗ, ಅವುಗಳ ಬಳಕೆಯನ್ನು ಸಾರ್ವಜನಿಕ ಹಿತಕ್ಕಾಗಿ ನಿಯಂತ್ರಿಸಬೇಕೆಂಬುದನ್ನೂ ಅದರೊಡನೆಯೇ ಹೇಳಿತು. ಆ ಸ್ವತ್ತಿನಲ್ಲಿ ಹಳ್ಳಿಯವರಿಗೆ ಪಾಲು ದೊರೆಯುವುದು ಮಾತ್ರ ತಡವಾಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಬಳಗದವರು ಗಾಳಿಯಲ್ಲಿ ಪ್ರಸಾರಕ್ಕೆ ಅನುಮತಿಯಿಲ್ಲದ ಕಾಲದಲ್ಲಿ ತಂತಿಯ ಮೂಲಕ ಮನೆಗಳಿಗೆ ದನಿಯನ್ನು ಮುಟ್ಟಿಸಿದರು. ಸರ್ಕಾರವು ಸಮುದಾಯ ಸಂಸ್ಥೆಗಳಿಗೆ ೨೦೦೬ರ ಕೊನೆಯಲ್ಲಿ ಅವಕಾಶ ಕೊಟ್ಟ ಮೇಲೆ, ಬೀದರಿನ ನೆರೆಯ ಜಹೀರಾಬಾದ್ ಸೀಮೆಯಲ್ಲಿ ದಲಿತ ಮಹಿಳೆಯರ 'ಸಂಘಂ ರೇಡಿಯೊ' ೨೦೦೮ರ ಅಕ್ಟೋಬರಿನಲ್ಲಿ ಆರಂಭವಾಯಿತು. ಶಾಸನವನ್ನು ಮೀರದೆ ಶಾಸನದ ಇಕ್ಕಟ್ಟನ್ನು ತೋರಿಸಿಕೊಟ್ಟ ಬೂದಿಕೋಟೆಯ ಉಪಾಯವು ಕನ್ನಡ ನಾಡಿನ ಪ್ರಸಾರ ಚರಿತ್ರೆಯಲ್ಲಿ ಮೈಸೂರಿನ ವಿಠಲ ವಿಹಾರದಷ್ಟೇ ಸ್ಮರಣಾರ್ಹವೆಂದು ನನ್ನ ಅಭಿಪ್ರಾಯ.

೫

ಈಗ ಟಿಪ್ಪಣಿ ಪುಸ್ತಕಕ್ಕೆ ಬರೋಣ. ಇತರರ ಪುಸ್ತಕವನ್ನು ಟೀಕಿಸುವುದಕ್ಕಿಂತ ನನ್ನದನ್ನೇ ಟೀಕಿಸುವುದು ನ್ಯಾಯ. ನಾನೂ ವಿದ್ಯಾರ್ಥಿದೆಸೆಯಿಂದ ಈ ಹವ್ಯಾಸಕ್ಕೆ ಒಳಗಾದವನು. ಕಿವಿಗೆ ಸಿಕ್ಕಿಸಿಕೊಳ್ಳುವ ತಂತಿಯೇ ಏರಿಯಲ್ ಆಗಿದ್ದ ಸಾಧಾರಣ ಮೊಬೈಲು ಫೋನು ನನ್ನ ಗ್ರಾಹಕಯಂತ್ರ. ಪುಸ್ತಕದಲ್ಲಿ ಐದು ಅಂಕಣಗಳು: ದಿನಾಂಕ, ವೇಳೆ, ಮೆಗಾಹರ್ಟ್ಸ್, ನಿಲಯ, ಷರಾ.

ಅದರಲ್ಲಿ ಕಾಣುವ ಮೊದಲ ದೋಷ ಗುರುತಿನದು. ಒಂದು ಬೆಳಗ್ಗೆ ಬೆಂಗಳೂರನ್ನು ಹಿಡಿದೆನೆಂದು ಹಿಗ್ಗಿ, ಮುನ್ನೂರಕ್ಕೂ ಹೆಚ್ಚು ಕಿಲೋಮೀಟರೆಂದು ಕೆಂಪು ಮಸಿಯಲ್ಲಿ ಬರೆದಿದ್ದೇನೆ. ವಾಸ್ತವವಾಗಿ ನಾನು ಕೇಳಿದ್ದು ಬೆಂಗಳೂರಿನ ವಾರ್ತೆಯನ್ನೇ ಹೊರತು ಬೆಂಗಳೂರಿನ ನಿಲಯವನ್ನಲ್ಲ. ಬೆಂಗಳೂರು ಧಾರವಾಡಗಳಲ್ಲಿ ಸಿದ್ಧವಾದ ವಾರ್ತೆಯನ್ನು ಉಳಿದ ನಿಲಯಗಳು ಮರುಪ್ರಸಾರ ಮಾಡುತ್ತವೆ. ವಾರ್ತೆ ಮುಗಿದೊಡನೆ ಕೇಳಿಬಂದ ಉದ್ಘೋಷಣೆಯು ಹೊಸಪೇಟೆಯದಾಗಿದ್ದಿತು. ಅದನ್ನು ಕೇಳಿಯೂ ಕೆಂಪು ಮಸಿಯನ್ನು ಅಳಿಸಲು ನನಗೆ ಮನಸ್ಸು ಬರಲಿಲ್ಲ.

ಈ ತಪ್ಪಿನ ಸ್ವರೂಪವನ್ನು ಶಾಸನಾಭ್ಯಾಸಿಗಳು ಕೂಡಲೇ ತಿಳಿಯಬಲ್ಲರು. ಅಶೋಕನ ಲಘುಶಿಲಾಶಾಸನದ ಮುಖ್ಯ ಒಕ್ಕಣೆಯು ಬ್ರಹ್ಮಗಿರಿ, ಸಿದ್ದಾಪುರ, ಕೊಪ್ಪಳ, ಮಸ್ಕಿ ಮುಂತಾದ ಕಡೆಗಳಲ್ಲಿ ಬಹುಮಟ್ಟಿಗೆ ಒಂದೇ. ಅದೂ ಒಂದು ಬಗೆಯ ಮರುಪ್ರಸಾರವೇ. ಸ್ಥಳದ ವಿಶೇಷವನ್ನು ತಿಳಿಸುವುದು ಸಮಾನವಾದ ಭಾಗವಲ್ಲ, ಭಿನ್ನವಾದ ಭಾಗ. ಬ್ರಹ್ಮಗಿರಿಯಲ್ಲಿ ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಹೋದ ಪೀಠಿಕೆಯಿದೆ. ೧೯೧೫ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಪಾಠದಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನೊಡನೆ 'ಅಶೋಕ' ಎಂಬ ಹೆಸರಿದೆ. ಆ ಹೆಸರುಳ್ಳ ಪಾಠಗಳು ಅನಂತರ ಗುಜರ್ರಾ, ನಿಟ್ಟೂರು, ಉಡೇಗೋಳಗಳಲ್ಲಿ ದೊರೆತುವಾದರೂ, ಬಿರುದಿನ ಹಿಂದಿನ ವ್ಯಕ್ತಿ ಯಾರೆಂಬ ವಾದವನ್ನು ಮೊದಲು ಮುಗಿಸಿದ್ದು ಮಸ್ಕಿಯ ಆ ಒಂದು ಪದ. ಎಲ್ಲ ಕಡೆಯೂ ಇರುವುದನ್ನು ಬರೆದುಕೊಂಡು ಅಲ್ಲಿ ಮಾತ್ರ ಇರುವುದನ್ನು ಬಿಟ್ಟಿದ್ದರೆ ನಮ್ಮ ಪ್ರಾಚೀನ ಚರಿತ್ರೆಯ ಗತಿ ಏನಾಗುತ್ತಿತ್ತೆಂಬುದನ್ನು ಊಹಿಸಬಹುದು. ದೂರಶ್ರವಣದ ಟಿಪ್ಪಣಿಗೂ ಇದೇ ನಿಯಮ: ಬರೆಯಬೇಕಾದದ್ದು ಮರುಪ್ರಸಾರವನ್ನಲ್ಲ, ಅದರ ಹಿಂದುಮುಂದಿನ ಸ್ಥಳೀಯ ಮಾತನ್ನು.

ಎರಡನೆಯ ದೋಷ ಯಂತ್ರದ್ದು. ಬಲವಾದ ನಿಲಯದ ಸಮೀಪದಲ್ಲಿ ಅಗ್ಗದ ಗ್ರಾಹಕವು ತನ್ನೊಳಗೇ ಸುಳ್ಳು ನಿಲಯಗಳನ್ನು ಹುಟ್ಟಿಸುವುದು. ಒಂದೇ ಹಾಡು ಎರಡು ಮೂರು ಕಡೆ ಕೇಳಿಸುವುದು. ಹೀಗೆ ಹುಟ್ಟಿದ ನೆರಳನ್ನು ಕಳ್ಳ ನಿಲಯವೆಂದು ಬರೆದಿಟ್ಟವರುಂಟು. ಇನ್ನೊಂದು ಯಂತ್ರದಿಂದ, ಇನ್ನೊಂದು ಸ್ಥಳದಿಂದ ತಾಳೆ ನೋಡದೆ ಹೊಸ ನಿಲಯವನ್ನು ಸಾರುವುದು, ಒಂದೇ ಹಸ್ತಪ್ರತಿಯನ್ನು ನಂಬಿ ಪಾಠನಿರ್ಣಯ ಮಾಡಿದಂತೆ. ಮೂರನೆಯದು ವೇಳೆಯದು. ಕೆಲವರು ಭಾರತೀಯ ವೇಳೆಯನ್ನೂ ಕೆಲವರು ಅಂತರರಾಷ್ಟ್ರೀಯ ವೇಳೆಯನ್ನೂ ಬರೆಯುತ್ತಾರೆ. ಯಾವುದೆಂದು ನಮೂದಿಸದಿದ್ದರೆ ಐದೂವರೆ ಗಂಟೆಗಳ ವ್ಯತ್ಯಾಸವು ದಿನಾಂಕವನ್ನೇ ಬದಲಾಯಿಸುವುದು.

ಈ ಮೂರೂ ತಿದ್ದಿಕೊಳ್ಳಬಹುದಾದ ದೋಷಗಳು. ನಾಲ್ಕನೆಯದು ಮನೋಧರ್ಮದ ದೋಷ. ಅದನ್ನು ತಿಳಿಸಲು ಪ್ರಸಂಗವೊಂದನ್ನು ಹೇಳಬೇಕು. ಸುಮಾರು ಹದಿನೈದು ವರ್ಷಗಳ ಹಿಂದೆ, ಸಿಂಧನೂರಿನಲ್ಲಿ, ಒಂದು ಚಳಿಗಾಲದ ಬೆಳಗ್ಗೆ ಎರಡು ನಿಲಯಗಳ ನಡುವೆ ಸಣ್ಣ ದನಿಯೊಂದು ಕೇಳಿಸಿತು. ಹದಿಹರೆಯದ ಹುಡುಗನ ದನಿ. ಕನ್ನಡದಲ್ಲಿ ಆರಂಭಿಸಿ ತೆಲುಗಿಗೆ 'ಅಂದಿ' ಹಚ್ಚಿ ಮುಗಿಸುವಂಥ, ನಮ್ಮ ಕ್ಯಾಂಪುಗಳ ಮಾತು. ಒಂದು ಹಾಡು ಹಾಕುವನು. ಅದು ಯಾರಿಗಾಗಿ ಎಂದು ಹೇಳುವನು. ಹೇಳುವ ಹೆಸರುಗಳ ಜತೆಗೆ ಸುತ್ತಲ ಊರುಗಳ ಹೆಸರುಗಳು. ನಿಲಯದ ಹೆಸರನ್ನು ಒಮ್ಮೆಯೂ ಹೇಳಲಿಲ್ಲ. ನಾನು ಸೈಕಲ್ಲನ್ನೇರಿ ಮಸ್ಕಿಯ ರಸ್ತೆ ಹಿಡಿದೆ. ನಾಲ್ಕು ಕಿಲೋಮೀಟರು ಹೋಗುವಷ್ಟರಲ್ಲಿ ದನಿ ಅಡಗಿತು. ಯಂತ್ರವು ಅತ್ಯಲ್ಪಶಕ್ತಿಯದು, ಊರಿನ ಪಕ್ಕದಲ್ಲಿಯೇ ಇದೆ ಎಂದು ತಿಳಿಯಿತು. ಒಂಬತ್ತು ಬೆಳಗ್ಗೆ ಕೇಳಿದೆ. ಹತ್ತನೆಯ ಬೆಳಗ್ಗೆ ಇರಲಿಲ್ಲ. ಅನಂತರ ಎಂದೂ ಕೇಳಿಬರಲಿಲ್ಲ.

ಒಂಬತ್ತು ದಿನಗಳಿಗೂ ನನ್ನ ಪುಸ್ತಕದಲ್ಲಿ ಒಂದೇ ಷರಾ ಇದೆ: 'ಅಪರಿಚಿತ. ಹಾಡು, ಮಾತು. ಸಾಧಾರಣ.' ಅದೇ ವಾರದಲ್ಲಿ ಹೈದರಾಬಾದಿನ ನಿಲಯವೊಂದು ಹನ್ನೆರಡು ನಿಮಿಷ ಕೇಳಿಸಿದ್ದನ್ನು ನಾನು ಒಂದು ಪುಟ ತುಂಬ ಬರೆದಿದ್ದೇನೆ. ಹೈದರಾಬಾದಿನ ಆ ಕಾರ್ಯಕ್ರಮವನ್ನು ಲಕ್ಷಾಂತರ ಮಂದಿ ಕೇಳಿರಬಹುದು. ನಾನು ಬರೆಯದಿದ್ದರೂ ನಷ್ಟವಿರಲಿಲ್ಲ. ಹುಡುಗನ ಪ್ರಸಾರಕ್ಕೆ ಕಡತವಿಲ್ಲ, ಧ್ವನಿಮುದ್ರಣವಿಲ್ಲ. ನನಗೆ ತಿಳಿದ ಮಟ್ಟಿಗೆ ಅದಕ್ಕಿರುವ ಲಿಖಿತ ಸಾಕ್ಷ್ಯವೆಂದರೆ ನನ್ನ ಆ ಮೂರು ಮಾತುಗಳೇ. ಎರಡು ಭಾಷೆಗಳ ಒಂದು ಬಯಲು ತನ್ನನ್ನು ತಾನೇ ಹೆಸರಿಟ್ಟು ಕರೆದುಕೊಂಡ ಒಂಬತ್ತು ಬೆಳಗುಗಳನ್ನು, ದೂರ ಕಡಿಮೆಯೆಂಬ ಕಾರಣಕ್ಕೆ, ನಾನು 'ಸಾಧಾರಣ'ವೆಂದು ಬರೆದೆ. ಇಂದು ತರಗತಿಯಲ್ಲಿ ಆಕರವಿಮರ್ಶೆಯನ್ನು ಬೋಧಿಸುವಾಗ ಈ ಪುಟವನ್ನು ನೆನೆಯದೆ ಇರಲಾರೆ.

ಇದು ನನ್ನೊಬ್ಬನ ದೋಷವಲ್ಲ, ಹವ್ಯಾಸದ ಸಂಪ್ರದಾಯವೇ ಹೀಗಿದೆ. ಕೇಳಿದ ನಿಲಯಕ್ಕೆ ವರದಿಯನ್ನು ಕಳುಹಿಸಿ ದೃಢೀಕರಣದ ಕಾರ್ಡನ್ನು ತರಿಸಿಕೊಳ್ಳುವುದು ಇಲ್ಲಿ ದೊಡ್ಡ ಗೌರವ. ಅಂತಹ ವರದಿಯಲ್ಲಿ ದನಿಯ ಬಲ, ಅಡಚಣೆ, ಏರಿಳಿತ ಮುಂತಾದ ಐದು ಗುಣಗಳಿಗೆ ಒಂದರಿಂದ ಐದರವರೆಗೆ ಅಂಕಗಳನ್ನು ಕೊಡುತ್ತಾರೆ. ಹೇಗೆ ಕೇಳಿಸಿತೆಂಬುದಕ್ಕೆ ಐದು ಅಂಕಣಗಳು. ಏನು ಕೇಳಿಸಿತೆಂಬುದಕ್ಕೆ, ತಾನು ಕೇಳಿದ್ದು ನಿಜವೆಂದು ತೋರಿಸಲು ಬೇಕಾದಷ್ಟು ಮಾತ್ರ. ಪರವಾನಗಿಯಿಲ್ಲದ ನಿಲಯವು ಕಾರ್ಡನ್ನು ಕಳುಹಿಸಲಾರದಾದ್ದರಿಂದ ಅದರ ಬಗೆಗೆ ಅಷ್ಟೂ ಇಲ್ಲ.

ಇದಕ್ಕೆ ವ್ಯತಿರಿಕ್ತವಾಗಿ ಕಾಂಗ್ರೆಸ್ ರೇಡಿಯೊದ ಕಥೆಯನ್ನು ನೋಡಬೇಕು. ಅದರ ಪ್ರಸಾರದ ಮಾತುಗಳು ಇಂದಿಗೂ ಓದಲು ದೊರೆಯುವುದಕ್ಕೆ ಮುಖ್ಯ ಕಾರಣವೆಂದರೆ ಬ್ರಿಟಿಷ್ ಸರ್ಕಾರದ ಕಡೆಯವರು ಅದನ್ನು ಹಿಡಿಯುವ ಉದ್ದೇಶದಿಂದ ಕೇಳಿ ಬರೆದುಕೊಂಡದ್ದು. ಬಿ.ಬಿ.ಸಿ.ಯು ೧೯೩೯ರಲ್ಲಿ ಆರಂಭಿಸಿದ ಶ್ರವಣವಿಭಾಗವೂ ಪರದೇಶದ ಪ್ರಸಾರಗಳನ್ನು ಬರೆದಿಟ್ಟುದರಿಂದಲೇ ಇಂದು ಇತಿಹಾಸಕಾರರಿಗೆ ಆಕರವಾಗಿದೆ. ಸಂಶಯದಿಂದ ಕೇಳಿದವರು ಮಾತನ್ನು ಉಳಿಸಿದರು. ಪ್ರೀತಿಯಿಂದ ಕೇಳಿದ ನಾವು ಅಂಕಗಳನ್ನು ಉಳಿಸಿದೆವು.

೬

ಈ ವಿಮರ್ಶೆಗೆ ಈಗ ತುರ್ತೂ ಉಂಟು. ಬಿ.ಬಿ.ಸಿ.ಯ ಹಿಂದಿ ಹ್ರಸ್ವ ತರಂಗ ಪ್ರಸಾರವು ೨೦೨೦ರ ಜನವರಿ ೩೧ರಂದು ನಿಂತಿತು. ದೇಶದ ಹಲವು ಮಧ್ಯಮ ತರಂಗ ಪ್ರೇಷಕಗಳು ಈಚಿನ ವರ್ಷಗಳಲ್ಲಿ ಮುಚ್ಚಿವೆ. ಹೊಸ ಫೋನುಗಳಲ್ಲಿ ಅನೇಕವು ಎಫ್.ಎಂ. ಗ್ರಾಹಕವಿಲ್ಲದೆಯೇ ಬರುತ್ತಿವೆ. ಸಿಲೋನನ್ನೂ ಹೈದರಾಬಾದನ್ನೂ ಧಾರವಾಡವನ್ನೂ ಒಂದೇ ಸಂಜೆಯಲ್ಲಿ ಕೇಳಿದ ತಲೆಮಾರಿನವರು ಈಗ ಎಪ್ಪತ್ತು ಎಂಬತ್ತು ದಾಟಿದ್ದಾರೆ. ನಿಲಯಗಳ ಆರಂಭದ ದಿನಾಂಕಗಳನ್ನು ಮುಂದಿನ ಶತಮಾನದಲ್ಲಿಯೂ ಹುಡುಕಬಹುದು. ಇವರ ನೆನಪನ್ನು ಹುಡುಕಲಾಗದು.

ಆದುದರಿಂದ ಈ ಸೀಮೆಯ ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಎರಡು ಸೂಚನೆಗಳನ್ನು ಮುಂದಿಡಬಯಸುತ್ತೇನೆ. ಮೊದಲನೆಯದು, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಅಥವಾ ಓಣಿಯ ಒಬ್ಬ ಹಿರಿಯರಿಂದ ಅವರು ಕೇಳಿದ ನಿಲಯಗಳು, ಭಾಷೆಗಳು, ವೇಳೆ, ಯಂತ್ರ ಯಾರದು, ಸುತ್ತ ಯಾರು ಕೂಡುತ್ತಿದ್ದರು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಲೈಸೆನ್ಸ್ ಪುಸ್ತಕವಿದ್ದರೆ ನಕಲನ್ನು ಇಟ್ಟುಕೊಳ್ಳಬೇಕು. ಎರಡನೆಯದು, ಇಂದಿಗೂ ದೂರಶ್ರವಣದಲ್ಲಿ ತೊಡಗಿರುವವರು ತಮ್ಮ ಪುಸ್ತಕಕ್ಕೆ ಆರನೆಯ ಅಂಕಣವೊಂದನ್ನು ಸೇರಿಸಬೇಕು: ಕೇಳಿದ ಮಾತು. ಯಾವ ಭಾಷೆ, ಯಾವ ಊರುಗಳ ಹೆಸರು, ಯಾರಿಗೆ ಹಾಡು, ಯಾವ ವಸ್ತುವಿನ ಜಾಹೀರಾತು. ಪರವಾನಗಿಯಿಲ್ಲದ ದನಿಯೊಂದು ಕೇಳಿಸಿದರೆ ಅದನ್ನು ನಡೆಸುವವರ ಮನೆಯನ್ನು ಹುಡುಕಿ ಪ್ರಕಟಿಸುವುದು ನಮ್ಮ ಕೆಲಸವಲ್ಲ. ಅವರ ತಪ್ಪಿಗೆ ಒತ್ತಾಸೆಯಾಗುವುದೂ ಅಲ್ಲ. ಆಡಿದ ಮಾತನ್ನು ಆಡಿದಂತೆ ಬರೆದಿಡುವುದು ಮಾತ್ರ ನಮ್ಮದು.

ಅಶೋಕನ ಲಘುಶಿಲಾಶಾಸನವು ತನ್ನನ್ನು 'ಶ್ರಾವಣ' ಎಂದು, ಕೇಳಿಸತಕ್ಕ ಮಾತೆಂದು ಕರೆದುಕೊಳ್ಳುತ್ತದೆ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಪಾಠದಲ್ಲಿ ಭೇರಿಯನ್ನು ಹೊಡೆಸಿ ಜನಪದಕ್ಕೆ ತಿಳಿಸಬೇಕೆಂಬ ಸೂಚನೆಯೂ ಇದೆ. ಆ ಭೇರಿಯ ಸದ್ದು ಎಷ್ಟು ದೂರ ಕೇಳಿಸಿತೆಂದು ಯಾರೂ ಬರೆದಿಡಲಿಲ್ಲ. ಮಾತನ್ನು ಬರೆದಿಟ್ಟರು; ಅದರಿಂದಲೇ ಮಸ್ಕಿಯ ಬಂಡೆಯ ಮುಂದೆ ನಿಂತು ನಾವು ಇಂದಿಗೂ ಅದನ್ನು ಓದುತ್ತಿದ್ದೇವೆ. ನನ್ನ ಪುಸ್ತಕದ ಆ ಒಂಬತ್ತು ಸಾಲುಗಳ ಎದುರಿಗೆ ಈಗ ಆರನೆಯ ಅಂಕಣವನ್ನು ಎಳೆದಿದ್ದೇನೆ. ಅದು ಖಾಲಿಯಾಗಿದೆ. ಅಂದು ಸಿಂಧನೂರಿನಲ್ಲಿ ಆ ದನಿಯನ್ನು ಕೇಳಿದವರು ಬೇರೆ ಯಾರಾದರೂ ಇದ್ದು, ಹುಡುಗನು ಹೇಳಿದ ಊರುಗಳಲ್ಲಿ ಒಂದೆರಡನ್ನಾದರೂ ನೆನಪಿಟ್ಟಿದ್ದರೆ, ಅದನ್ನು ಅವರಿಂದ ಕೇಳಿ ಬರೆದುಕೊಳ್ಳಲು ಸಿದ್ಧನಿದ್ದೇನೆ.